'ನಮ್ಮ ಅಜಾಗರೂಕತೆಯಿಂದ'

ಆಳಗಡಲ ಜೀವಿಗಳ, ಅದರಲ್ಲಿಯೂ ಕಡಲ ಸೌತೆಗಳೆಂಬ ಮೆತ್ತನೆಯ ಮಂದಗತಿಯ ಪ್ರಾಣಿಗಳ ವರ್ಗೀಕರಣದಲ್ಲಿ ನಮ್ಮ ಮೇಡಂ ಅವರದೇ ಕೊನೆಯ ಮಾತು. ಸಂಗ್ರಹಾಲಯದಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ ಇದೀಗ ನಿವೃತ್ತರಾಗುತ್ತಿರುವ ಅವರಿಗೆ, ಬೆನ್ನ ಹಿಂದೆ ಎಲ್ಲರೂ ತಮ್ಮನ್ನು 'ಸೌತೆಕಾಯಿ ಮೇಡಂ' ಎನ್ನುವುದು ಚೆನ್ನಾಗಿಯೇ ಗೊತ್ತಿತ್ತು. "ತಿನ್ನೋ ಸೌತೆಕಾಯಿ ಆಗಿದ್ರೆ ಮನೆಗಾದ್ರೂ ಎರಡು ತರ್ತಿದ್ದೆಯಲ್ಲೇ!" ಎಂದು ಅತ್ತೆಯವರೂ ಛೇಡಿಸುತ್ತಿದ್ದರಂತೆ.

ಸೇವೆಯ ಮೂರನೆಯ ವರ್ಷ, ಸಂಶೋಧನಾ ಹಡಗಿನ ಬಲೆ ನಾಲ್ಕು ಸಾವಿರ ಮೀಟರ್ ಆಳದಿಂದ ಅಂಗೈಯುದ್ದದ ನೇರಳೆ ಕಡಲ ಸೌತೆಯೊಂದನ್ನು ತಂದಿತು. ಹಿರಿಯ ತಜ್ಞರು ಹಳೆಯ ಪ್ರಭೇದವೊಂದರ ಹೆಸರಿನ ಚೀಟಿ ಅಂಟಿಸಿ ಕೈತೊಳೆದುಕೊಂಡರು. ಮೇಡಂ ಒಪ್ಪಲಿಲ್ಲ. ಈ ಪ್ರಾಣಿಗಳ ಚರ್ಮದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸುಣ್ಣದ ಹರಳುಗಳಿರುತ್ತವೆ. ಒಂದೊಂದು ಪ್ರಭೇದಕ್ಕೂ ಅವುಗಳ ಆಕಾರವೇ ಗುರುತು. ಹಳೆಯದರ ಹರಳಿಗೆ ನಾಲ್ಕು ತೋಳು, ಇದರದಕ್ಕೆ ಮೂರೇ. ಆದರೆ ಅವರು ಕೈಯಲ್ಲಿ ಬರೆದ ಚಿತ್ರವನ್ನು ಯಾರೂ ಪುರಾವೆಯೆಂದು ಒಪ್ಪಲಿಲ್ಲ. ಸ್ಪಷ್ಟವಾದ ಛಾಯಾಚಿತ್ರ ತೆಗೆಯಬಲ್ಲ ಸೂಕ್ಷ್ಮದರ್ಶಕ ಬರುವವರೆಗೆ ಹನ್ನೊಂದು ವರ್ಷ ಕಾದರು.

ಅದು ಬರುವ ಮುನ್ನ ಸೀಸೆಯ ದ್ರವ ಬದಲಿಸುವ ಕೆಲಸ ತಾತ್ಕಾಲಿಕ ಸಹಾಯಕಿಯೊಬ್ಬಳ ಪಾಲಿಗೆ ಬಂತು. ಅವಳು ಮದ್ಯಸಾರಕ್ಕೆ ಬದಲು ಹುಳಿಯೇರಿದ ಹಳೆಯ ಫಾರ್ಮಲಿನ್ ಸುರಿದಳು. ಸುಣ್ಣವನ್ನು ತಿಂದುಹಾಕುವ ದ್ರವವದು. ತಿಂಗಳಾದ ಮೇಲೆ ನೋಡಿದರೆ ಪ್ರಾಣಿಯೇನೋ ಇತ್ತು, ಹರಳೊಂದೂ ಇರಲಿಲ್ಲ. ಜಗತ್ತಿನಲ್ಲಿದ್ದುದೇ ಅದೊಂದು!

"ಮೊದ್ಲು ಮುಖ ತೊಳ್ಕೊಂಡು ಬಾ" ಎಂದರು ಮೇಡಂ. ಅವಳು ಬರುವಷ್ಟರಲ್ಲಿ ಮೇಜಿನ ಖಾನೆಯಿಂದ ಕಿವಿಗೆ ಹಾಕುವ ಔಷಧಿಯ ಪುಟ್ಟ ಸೀಸೆಯೊಂದನ್ನು ತೆಗೆದಿಟ್ಟಿದ್ದರು. "ಹಡಗಲ್ಲೇ ಒಂದು ಚೂರು ಚರ್ಮ ಎತ್ತಿಟ್ಟಿದ್ದೆ. ಹಿಂದೆ ನಾನೂ ಒಂದನ್ನ ಹೀಗೇ ಹಾಳು ಮಾಡಿದ್ದೆ ಕಣೇ. ಉಗುರಿನಷ್ಟಿದೆ, ಹರಳು ಬಿಡಿಸೋಕೆ ಒಂದೇ ಸಲ ಆಗೋದು. ನೀನೇ ಮಾಡು."

"ಅಯ್ಯೋ, ನಾನಾ ಮೇಡಂ?"

"ಇನ್ನು ಜನ್ಮದಲ್ಲಿ ನೀನು ತಪ್ಪು ಮಾಡಲ್ಲ. ಬೇರೆಯವರ ಬಗ್ಗೆ ಆ ಧೈರ್ಯ ನಂಗಿಲ್ಲ."

ಹೊಸ ಸೂಕ್ಷ್ಮದರ್ಶಕ ಬಂದಾಗ ಪರದೆಯ ಮೇಲೆ ಮೂರು ತೋಳು ಮೂಡಿದವು. ಹೊಸ ಪ್ರಭೇದ!

ಪ್ರಬಂಧದಲ್ಲಿ ಮಾದರಿ ಕೆಟ್ಟ ಬಗೆಯನ್ನು ಹೇಳಲೇಬೇಕಿತ್ತು. 'ಸಹಾಯಕಿಯ ಅಜಾಗರೂಕತೆಯಿಂದ' ಎಂದು ಅವಳೇ ಕರಡಿನಲ್ಲಿ ಬರೆದಳು. ಅಚ್ಚಾದರೆ ಅವಳ ಕೆಲಸಕ್ಕೇ ಸಂಚಕಾರ. ಮೇಡಂ ಮೊದಲ ಪದ ಹೊಡೆದುಹಾಕಿ 'ನಮ್ಮ' ಎಂದು ತಿದ್ದಿದರು. ಆ ಹಿರಿಯ ತಜ್ಞರ ಕೊಂಕುಮಾತನ್ನೂ ತಾವೇ ಕೇಳಿಸಿಕೊಂಡರು.

ಕಪಾಟಿನಲ್ಲಿ ಹೆಸರಿಡದ ಸೀಸೆಗಳು ಇನ್ನೂ ಎಷ್ಟೋ ಇವೆ; ಮೇಡಂ ಆರೋಗ್ಯದಿಂದ ನೂರ್ಕಾಲ ಬಾಳಿ, ಅದೇ ಕುರ್ಚಿಗೆ ಬಂದು ಕುಳಿತು ಅವನ್ನೆಲ್ಲ ತೆರೆಯಲಿ. ಆ ಸಹಾಯಕಿ ಇಂದು ಅದೇ ವಿಭಾಗದ ಮುಖ್ಯಸ್ಥೆ. ಈ ಲೇಖನ ಬರೆದವಳೂ ಅವಳೇ. ಹದಿನೇಳು ವರ್ಷ ತಡವಾದ ತಿದ್ದುಪಡಿಯೊಂದು ಬಾಕಿಯಿದೆ: ಆ ಪ್ರಬಂಧದಲ್ಲಿ 'ನಮ್ಮ ಅಜಾಗರೂಕತೆಯಿಂದ' ಎಂದಿರುವುದನ್ನು ಓದುಗರು ದಯವಿಟ್ಟು 'ನನ್ನ' ಎಂದು ತಿದ್ದಿಕೊಂಡು ಓದಬೇಕು.