ಮಿಷನ್ನಿಗೆ ಕೊಟ್ಟ ಕೈ

ಮೊನ್ನೆ ಸೊಸೆ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಳು. ಕಾಲು ಮುರಿದುಕೊಂಡು ಮಂಚ ಹಿಡಿದಿರುವ ನನ್ನ ಮೂಗಿಗೆ ಆ ವಾಸನೆ ಬಡಿದದ್ದೇ ತಡ, ಹೆತ್ತೂರಿನ ನಮ್ಮ ಪಕ್ಕದ ಮನೆ ಕಣ್ಣ ಮುಂದೆ ಬಂತು. ಆ ಮನೆಯಲ್ಲಿ ಯಾವಾಗಲೂ ಎರಡು ಎಣ್ಣೆಯ ವಾಸನೆ. ಒಂದು ಮಿಷನ್ನಿನದು. ಇನ್ನೊಂದು ಮೈಗೆ ತಿಕ್ಕುವ ನಾಟಿ ಎಣ್ಣೆಯದು, ಬೇವು, ಬೆಳ್ಳುಳ್ಳಿ, ಇನ್ನೂ ಏನೇನೋ ಹಾಕಿ ಕುದಿಸಿದ್ದು. ಎಣ್ಣೆ ಬಿಟ್ಟಷ್ಟೂ ಮಿಷನ್ನು ಸಲೀಸಾಗಿ ಓಡುತ್ತಿತ್ತು. ಅದನ್ನು ತುಳಿಯುತ್ತಿದ್ದವರ ಮೈ ಮಾತ್ರ ಎಣ್ಣೆ ತಿಕ್ಕಿದಷ್ಟೂ... ಇದೆಂಥ ಲೆಕ್ಕವೋ, ನನಗೆ ಆಗಲೂ ಅರ್ಥವಾಗಲಿಲ್ಲ, ಈಗಲೂ ಪೂರ್ತಿ ಅರ್ಥವಾಗಿಲ್ಲ.

ಊರೆಲ್ಲ ಅವರನ್ನು ಬಾಯಮ್ಮ ಅಂತಲೇ ಕರೆಯುತ್ತಿದ್ದದ್ದು. ಮಂಗಳೂರು ಕಡೆಯ ಕ್ರೈಸ್ತರು, ಇಗರ್ಜಿಗೆ ಹೋಗುವವರು. ಮದುವೆಯಾಗಿರಲಿಲ್ಲ, ವನಗೂರಿಗೆ ಜೀಪು ಓಡಿಸುತ್ತಿದ್ದ ತಮ್ಮನ ಜೊತೆ ಇದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಆ ಬೀದಿಗೆ ಬಂದಾಗ, ಸುತ್ತಲಿನ ಎಸ್ಟೇಟುಗಳ ಕೂಲಿಲೈನಿನ ಹೆಂಗಸರ ರವಿಕೆ, ಮಕ್ಕಳ ಯೂನಿಫಾರಂ ಎಲ್ಲ ಅವರ ಕೈಯಲ್ಲೇ ಆಗುತ್ತಿತ್ತು. ಮಿಷನ್ ತುಳಿಯುವಾಗ ನಾನು ಅವರ ಪಾದ ನೋಡುತ್ತಿದ್ದೆ. ಎರಡೂ ಹೆಬ್ಬೆರಳು ಗಿಡ್ಡ, ಒಳಕ್ಕೆ ಸೊಟ್ಟ. "ಹುಟ್ಟುವಾಗಲೇ ಹಾಗೆ ಉಂಟು ಮಾರಾಯ್ತಿ, ಚಪ್ಪಲಿಯವನಿಗೆ ಮಾತ್ರ ತಲೆನೋವು" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಒಂದು ಸಲ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದರು. ಎಡ ಭುಜ, ಮೊಣಕೈ ಊದಿಕೊಂಡವು. ನಮ್ಮ ಕಡೆ ಉಳುಕಲಿ, ಮುರಿಯಲಿ, ಡಾಕ್ಟರಿಗಿಂತ ಮೊದಲು ಬರುವವನು ಮೂಳೆ ಕಟ್ಟುವವನು. ಬಾಯಮ್ಮನ ತಮ್ಮ ಅವನನ್ನು ಜೀಪಿನಲ್ಲಿ ಕರೆತಂದ. ಅವನು ನೀವಿದ, ಎಳೆದ, ತಿಕ್ಕಿದ. ಕೈಗುಣ ಇಲ್ಲದವನೇನಲ್ಲ, ನಮ್ಮ ಮಾವನವರ ಮುರಿದ ಕೈಯನ್ನು ಸರಿಮಾಡಿದ್ದವನೂ ಅವನೇ. ಆದರೆ ಬಾಯಮ್ಮನಿಗೆ ಊತ ಇಳಿದ ಮೇಲೆ, ಮಾಂಸ ಇರಬೇಕಾದ ಕಡೆ ಕಲ್ಲಿನಂಥದ್ದು ಕೈಗೆ ಸಿಗತೊಡಗಿತು. ಗಟ್ಟಿಯಾಗಿದೆ ಎಂದು ಇನ್ನಷ್ಟು ತಿಕ್ಕಿದರು. ತಿಕ್ಕಿದಷ್ಟೂ ಗಟ್ಟಿ. ನೋಡನೋಡುತ್ತ ಎಡಗೈ ಅರ್ಧ ಚಾಚಿದ ಹಾಗೇ ನಿಂತುಬಿಟ್ಟಿತು, ಬಟ್ಟೆ ಅದುಮಿ ಹಿಡಿಯಲಿಕ್ಕಷ್ಟೇ ಬರುತ್ತಿತ್ತು. ಯಾರೋ ವಾಯು ಎಂದರು, ಯಾರೋ ಮಾಟ ಎಂದರು. ತಮ್ಮ ಹರಕೆ ಹೊತ್ತ. ನಮ್ಮತ್ತೆ ಗುಡಿಯ ವಿಭೂತಿ ಕಳಿಸಿದರು, ಬಾಯಮ್ಮ ಅದನ್ನೂ ಹಚ್ಚಿಕೊಂಡರು.

ಆಮೇಲೆ ಬಲ ಮೊಣಕೈ ಊದಿತು. ತಮ್ಮ ಗಾಬರಿಬಿದ್ದು ಘಾಟಿ ಇಳಿಸಿ ಮಂಗಳೂರಿನ ದೊಡ್ಡ ಡಾಕ್ಟರಿಗೆ ತೋರಿಸಿಕೊಂಡು ಬಂದ. ಬಾಯಮ್ಮ ಮಿಷನ್ನಿನ ಮುಂದೆ ಕೂತು ನನಗೆ ಹೇಳಿದರು: ಮಾಂಸವೇ ಮೂಳೆಯಾಗುವ ಕಾಯಿಲೆಯಂತೆ. ತಿಕ್ಕಬಾರದಂತೆ, ಕೊಯ್ದರೆ ಇನ್ನೂ ಬೆಳೆಯುತ್ತದಂತೆ, ಮದ್ದಿಲ್ಲವಂತೆ. ಈ ಕೈಯೂ ಹಿಡಿದುಕೊಳ್ಳುತ್ತದೆ, ಹೇಗೆ ಇಟ್ಟುಕೊಂಡಿರುತ್ತೀರೋ ಹಾಗೇ ನಿಲ್ಲಬಹುದು, ತುತ್ತು ಬಾಯಿಗೆ ಮುಟ್ಟುವ ಹಾಗೆ ಮಡಚಿಟ್ಟುಕೊಳ್ಳಿ ಎಂದಿದ್ದರಂತೆ ಡಾಕ್ಟರು.

ಬಾಯಮ್ಮ ಮಡಚಿಟ್ಟುಕೊಳ್ಳಲಿಲ್ಲ. ಮಿಷನ್ನಿನ ಹಲಗೆಯ ಮೇಲೆ, ಬೆರಳು ಸೂಜಿಯ ಪಕ್ಕಕ್ಕೆ ಬರುವ ಹಾಗೆ ಚಾಚಿ ಇಟ್ಟುಕೊಂಡರು. ಮಲಗುವಾಗಲೂ ದಿಂಬು ಕೊಟ್ಟು ಹಾಗೇ. ನನಗೆ ತಲೆಬುಡ ತಿಳಿಯಲಿಲ್ಲ. ನಮ್ಮತ್ತೆಗಂತೂ ಸಿಟ್ಟು ನೆತ್ತಿಗೇರಿತು. ಬಾಯಮ್ಮನ ಮನೆ ಜಗುಲಿಯಿಂದಲೇ ಕೂಗಿದರು.

"ಬಾಯಮ್ಮಾ, ಬುದ್ಧಿಗಿದ್ದಿ ಐತಾ ನಿಂಗೆ? ಉಣ್ಣಾಕೆ ಕೈ ಬ್ಯಾಡ್ವಾ? ಮಿಷನ್ನು ಬಂದು ಅನ್ನ ತಿನ್ಸುತ್ತಾ?"

"ತಿನ್ನಿಸ್ಲಿಕ್ಕೆ ಯಾರಾದ್ರೂ ಸಿಗ್ತಾರೆ ಅಮ್ಮ. ನನ್ನ ಬದ್ಲಿಗೆ ಹೊಲಿಲಿಕ್ಕೆ ಯಾರು ಬರ್ತಾರೆ? ನಾಳೆ ತಮ್ಮನಿಗೆ ಹೆಂಡತಿ ಬರ್ತಾಳೆ. ಅವಳ ಮನೆಯಲ್ಲಿ ನಾನು ಸುಮ್ಮನೆ ಕೂತಿರ್ಬೇಕಾ?"

ಅತ್ತೆ ತಿರುಗಿ ಮನೆಗೆ ಬಂದರು. ಮೀನು ಬೇಯುವ ಮನೆ ಎಂದು ಅವರು ಆ ಜಗುಲಿ ದಾಟಿದವರೇ ಅಲ್ಲ, ಒಂದು ಲೋಟ ನೀರು ಮುಟ್ಟಿದವರಲ್ಲ. ಮೊಣಕೈ ಪೂರ್ತಿ ಹಿಡಿದುಕೊಂಡ ಮೇಲೆ ಒಂದು ಮಧ್ಯಾಹ್ನ, ಬಾಯಮ್ಮನ ತಮ್ಮ ಜೀಪು ಓಡಿಸಲು ಹೋಗಿದ್ದ ಹೊತ್ತಿನಲ್ಲಿ, ಅಕ್ಕಿರೊಟ್ಟಿ ಪಲ್ಯ ತಟ್ಟೆಗೆ ಹಾಕಿಕೊಂಡು ಸೀದಾ ಒಳಗೆ ಹೋದರು. "ಬಾಯಿ ತೆಗಿ" ಎಂದು ಗದರಿಸಿ ತುತ್ತು ಇಟ್ಟರು. ಬಾಯಮ್ಮ ಅಳುತ್ತಲೇ ಅಗಿದರು. ಅಲ್ಲಿಂದ ಮುಂದೆ ಮಧ್ಯಾಹ್ನದ ಊಟ ನಮ್ಮ ಮನೆಯದೇ ಆಯಿತು, ಒಮ್ಮೆ ಅತ್ತೆ, ಒಮ್ಮೆ ನಾನು. ಸೂಜಿಗೆ ದಾರ ಪೋಣಿಸುವುದು, ಚಕ್ರ ತಿರುಗಿಸಿ ಶುರುಮಾಡಿಕೊಡುವುದು ನನ್ನ ಕೆಲಸ. ತಮ್ಮನ ಹೆಂಡತಿಯ ಮದುವೆ ರವಿಕೆಯನ್ನು ಅವರೇ ಹೊಲಿದರು. ನನ್ನ ಮಗಳ ಮೊದಲ ಯೂನಿಫಾರಮ್ಮನ್ನೂ.

ಬರುಬರುತ್ತ ಬೆನ್ನು ಬಿಗಿಯಿತು, ಎದೆಗೂಡು ಬಿಗಿಯಿತು. ಎಂಬತ್ತರ ದಶಕ ಮುಗಿಯುವ ಮೊದಲೇ ಒಂದು ಚಳಿಗಾಲದ ಕೆಮ್ಮು ಅವರನ್ನು ಕರೆದುಕೊಂಡು ಹೋಯಿತು. ಪೆಟ್ಟಿಗೆಯಲ್ಲಿ ಮಲಗಿಸುವಾಗ ಕೈ ಜೋಡಿಸಿ ಜಪಸರ ಸುತ್ತುವುದು ಅವರ ಪದ್ಧತಿ. ಕೈ ಜೋಡಲಿಲ್ಲ. ಸರವನ್ನು ಬೆರಳಿಗಷ್ಟೇ ಸುತ್ತಿ ಬಿಟ್ಟರು... ಮಿಷನ್ನನ್ನು ತಮ್ಮನ ಹೆಂಡತಿ ನನಗೆ ಕೊಟ್ಟಳು. ಮೊನ್ನೆ ಸೊಸೆ ಎಣ್ಣೆ ಬಿಟ್ಟದ್ದು ಅದಕ್ಕೇ.

ಈಗ ಮುರಿದ ನನ್ನ ಕಾಲಿನ ಮೂಳೆ ಮಾತ್ರ ಕೂಡುವ ಹಾಗೇ ಕಾಣಲಿಲ್ಲ. ಹಾಸನದ ಡಾಕ್ಟರು ಮತ್ತೆ ಆಪರೇಷನ್ ಮಾಡಿ ಮುರಿದ ಜಾಗದಲ್ಲಿ ಯಾವುದೋ ಪ್ರೋಟೀನ್ ಇಟ್ಟಿದ್ದರು. ಮೂಳೆ ಕಟ್ಟು ಎಂದು ಮೈಗೆ ಹೇಳುವ ಪ್ರೋಟೀನಂತೆ, ಎಲ್ಲರ ಒಳಗೂ ಇರುತ್ತದಂತೆ. ನಿನ್ನೆ ತೋರಿಸಲು ಹೋದಾಗ ತಡೆಯಲಾರದೆ ಬಾಯಮ್ಮನ ಕಥೆ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು, "ಅವರ ಕಾಲಿನ ಹೆಬ್ಬೆರಳು ಸೊಟ್ಟಗಿತ್ತಾ?" ಎಂದು ಕೇಳಿದರು.

ಹೌದು ಎಂದೆ. ಅದೇ ಗುರುತಂತೆ, ಹುಟ್ಟುವಾಗಲೇ ಬಂದದ್ದು. ಅಂಥವರಲ್ಲಿ ಆ ಪ್ರೋಟೀನಿನ ಅಪ್ಪಣೆ ತೆಗೆದುಕೊಳ್ಳುವ ಕಡೆಯೇ ಕೆಟ್ಟಿರುತ್ತದೆ, ಒಂದು ಸಣ್ಣ ಪೆಟ್ಟು ಸಾಕು, ಮಾಂಸದಲ್ಲೂ ಮೂಳೆ ಕಟ್ಟಲು ಶುರು. ಎಸ್ಟೇಟಿನಲ್ಲಿ ಕೆಲಸ ಹಚ್ಚುವ ರೈಟರ್ ಹೇಳದೆಯೇ ಆಳುಗಳು ಸಿಕ್ಕಸಿಕ್ಕಲ್ಲಿ ಗೋಡೆ ಎಬ್ಬಿಸಿದ ಹಾಗೆ. ಊರೆಲ್ಲ ನೋಡಿದ್ದ ಬೆರಳು, ನಾನು ನಕ್ಕಿದ್ದ ಬೆರಳು! ತಿಕ್ಕಿದವನ ಮೇಲೆ ಸಿಟ್ಟಾಗೋಣವೆಂದರೆ ಅವನೂ ಗುಣವಾಗಲೆಂಬ ಆಸೆಯಿಂದಲೇ ತಿಕ್ಕಿದ್ದ. ಅವರನ್ನು ಕಟ್ಟಿಹಾಕಿದ್ದನ್ನೇ ನಾನು ಕಾಲಿಗೆ ಕೇಳಿ ಹಾಕಿಸಿಕೊಂಡಿದ್ದೇನೆ. ದೇವರೇ, ಇದನ್ನು ಒಳ್ಳೆಯದು ಅನ್ನಲೋ, ಕೆಟ್ಟದ್ದು ಅನ್ನಲೋ...

ಎಕ್ಸ್‌ರೇ ನೋಡಿ, ಮೂಳೆ ಕೂಡುತ್ತಿದೆ ಎಂದರು. ಸೊಸೆ ಖುಷಿಯಲ್ಲಿ ರೊಟ್ಟಿ ತಟ್ಟಿ, ತಟ್ಟೆಗೆ ಹಾಕಿ ಮಂಚಕ್ಕೇ ತಂದುಕೊಟ್ಟಳು. ತುತ್ತು ಮುರಿದೆ. ಅಭ್ಯಾಸವೋ ಏನೋ, ತುತ್ತು ಹಿಡಿದ ಕೈ ಮಿಷನ್ನಿನ ಕಡೆಗೆ ಚಾಚಿತು.

"ಯಾರಿಗೆ, ಅತ್ತೆ?" ಎಂದಳು ಸೊಸೆ.