ನೀಲತ್ತಿ ಕೇಳಿದ ಪೈಗಂಬರರ ಕತೆ

ಬನಹಟ್ಟಿಯ ನಮ್ಮ ಓಣಿಗೆ ಪವರ್‌ಲೂಮ್ ಇನ್ನೂ ಬಾರದಿದ್ದ ಕಾಲದ ಮಾತಿದು. ಆಗ ಮನೆಮನೆಯಲ್ಲೂ ಕುಣಿಮಗ್ಗ. ಬೆಳಗಾದರೆ ಗಂಜಿ ಹಚ್ಚಿದ ನೂಲಿನ ಹುಳಿ ವಾಸನೆ, ಮಧ್ಯಾಹ್ನವಾದರೆ ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿಕೊಂಡು ಉಣ್ಣುವ ಹೊತ್ತು. ಬೇಸಿಗೆ ರಜೆಯಲ್ಲಿ ನಾವು ಹುಡುಗಿಯರು ಬೇವಿನ ನೆರಳಲ್ಲಿ ಐದು ಕಲ್ಲುಗಳ ಆಣಿಕಲ್ಲಾಟ ಆಡುತ್ತಿದ್ದೆವು. ಬಿಸಿಲೇರಿ ನೆಲ ಸುಡತೊಡಗಿದರೆ ಒಬ್ಬೊಬ್ಬರಾಗಿ ಮನೆ ಸೇರುತ್ತಿದ್ದೆವು. ನಮ್ಮ ಮನೆಯಲ್ಲಿ ತಂಪಾಗಿದ್ದುದು ಮಗ್ಗದ ಕೋಣೆ ಒಂದೇ.

ಆ ಕೋಣೆಯಲ್ಲಿ ಅಪ್ಪ ಕುಣಿಯೊಳಗೆ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದರು. ಪಕ್ಕದಲ್ಲಿ ಅವರ ತಂಗಿ ನೀಲತ್ತಿ ರಾಟಿ ತಿರುಗಿಸುತ್ತ, ಲಾಳಿಯೊಳಗೆ ಕೂಡಿಸುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಮದುವೆಯಾಗಿ ಸ್ವಲ್ಪ ಕಾಲದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಇನ್ನೂ ಮೂವತ್ತು ದಾಟಿರಲಿಲ್ಲ. ಮದುವೆಗಳಿಗೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಮನೆಯಿಂದ ಯಾರಾದರೂ ಕೆಲಸದ ಮೇಲೆ ಹೊರಟರೆ, ಎದುರಿಗೆ ಬರಬಾರದೆಂದು ಅಡುಗೆಮನೆಯಲ್ಲೇ ನಿಂತುಬಿಡುತ್ತಿದ್ದಳು. ನೇಯ್ದ ಸೀರೆಗಳನ್ನು ಗಂಟು ಕಟ್ಟಿ ಮಹಾಲಿಂಗಪುರಕ್ಕೋ ಜಮಖಂಡಿಗೋ ಒಯ್ದು ಮಾರುತ್ತಿದ್ದವರು ನಮ್ಮ ದೊಡ್ಡಪ್ಪ. ಮನೆಯ ಯಜಮಾನರೂ ಅವರೇ.

ಶಾಲೆಯಲ್ಲಿ ನಮಗೆ ಕನ್ನಡ ಕಲಿಸುತ್ತಿದ್ದವರು ನದಾಫ ಮಾಸ್ತರು. ಕಪಾಟಿನ ಪುಸ್ತಕಗಳನ್ನೆಲ್ಲ ನಾನು ಓದಿ ಮುಗಿಸಿದ್ದು ಅವರಿಗೆ ಗೊತ್ತಿತ್ತು. ಆರನೇ ಇಯತ್ತೆಯ ಪರೀಕ್ಷೆ ಮುಗಿದ ದಿನ ತಮ್ಮ ಚೀಲದಿಂದ ಒಂದು ಪುಸ್ತಕ ತೆಗೆದು, ರಜೆಯಲ್ಲಿ ಓದೆಂದು ಕೊಟ್ಟರು. ಪೈಗಂಬರ ಮುಹಮ್ಮದರ ಜೀವನಚರಿತ್ರೆ, ಮಕ್ಕಳಿಗೂ ಅರ್ಥವಾಗುವ ತಿಳಿಗನ್ನಡದಲ್ಲಿ. ಅಲ್ಲಿಯವರೆಗೆ ಮುಸ್ಲಿಮರ ಧರ್ಮದ ಬಗ್ಗೆ ನನಗೆ ಗೊತ್ತಿದ್ದುದು ಮೊಹರಮ್ಮಿನ ಡೋಲಿ ಮತ್ತು ಪಕ್ಕದ ಓಣಿಯವರು ಕೊಡುತ್ತಿದ್ದ ಸಿಹಿ ಚೊಂಗೆ, ಅಷ್ಟೇ. ಅದು ಎಲ್ಲಿ ಹುಟ್ಟಿತು, ಹೇಗೆ ಹುಟ್ಟಿತು ಎಂದು ಕೇಳಬೇಕೆಂದೂ ತೋಚಿರಲಿಲ್ಲ.

ಮಗ್ಗದ ಕೋಣೆಯ ಗೋಡೆಗೆ ಒರಗಿ ಪುಸ್ತಕ ತೆರೆದೆ. ಮೊದಲ ಪುಟದಲ್ಲೇ ಮರಳುಗಾಡು, ಬಾವಿಯ ಕಡೆಗೆ ಹೊರಟ ಒಂಟೆಗಳ ಸಾಲು, ಗದ್ದಲದ ಮಕ್ಕಾ ಪಟ್ಟಣ. ಹುಟ್ಟುವ ಮೊದಲೇ ತಂದೆಯನ್ನು ಕಳೆದುಕೊಂಡ ಬಾಲಕ. ಪ್ರಯಾಣದ ದಾರಿಯಲ್ಲೇ ತಾಯಿಯೂ ತೀರಿಹೋದರು. ನಾನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದುದನ್ನು ನೋಡಿ ನೀಲತ್ತಿ ಗಟ್ಟಿಯಾಗಿ ಓದಲು ಹೇಳಿದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಮಗ್ಗದ ಸದ್ದಿನ ಮೇಲೆ ದನಿಯೇರಿಸಿ ಓದತೊಡಗಿದೆ. ತಬ್ಬಲಿ ಮಗುವನ್ನು ಅಜ್ಜ ಕರೆದುಕೊಂಡು ಹೋದ ಪುಟ ಬಂದಾಗ ಅಪ್ಪನ ಲಾಳಿ ತಾನಾಗಿ ನಿಧಾನವಾಯಿತು.

ದಿನಕ್ಕಿಷ್ಟು ಓದುತ್ತ ಕತೆ ಖದೀಜಾರ ಮನೆಗೆ ಬಂತು. ಆಕೆ ಗಂಡನನ್ನು ಕಳೆದುಕೊಂಡ ಹೆಂಗಸು, ಮಕ್ಕಾದ ದೊಡ್ಡ ವ್ಯಾಪಾರಿ. ಅವರ ಸರಕು ಹೊತ್ತ ಒಂಟೆಗಳು ದೂರದ ಸಿರಿಯಾಕ್ಕೆ ಹೋಗಿಬರುತ್ತಿದ್ದವು. ಆ ಸರಕಿನ ಜೊತೆ ಹೋಗಿ, ಎಳ್ಳಷ್ಟೂ ಮೋಸವಿಲ್ಲದೆ ವ್ಯಾಪಾರ ಮಾಡಿಕೊಂಡು ಬಂದ ತರುಣ ಮುಹಮ್ಮದರನ್ನು ಮೆಚ್ಚಿ, ಮದುವೆಯ ಮಾತನ್ನು ಆಕೆಯೇ ಹೇಳಿ ಕಳಿಸಿದರು.

ರಾಟಿ ನಿಂತಿತು.

“ತಡಿ ಕಸ್ತೂರಿ. ಗಂಡ ಸತ್ತಾಕಿ ವ್ಯಾಪಾರ ಮಾಡ್ತಿದ್ಲಂತೇನು?”

“ಹೂಂ ಅತ್ತಿ. ಹಂಗ ಬರದಾರ.”

“ಮದವಿ ಮಾತೂ ಆಕಿನ ಕಳಿಸಿದ್ಲು?”

“ಆಕಿನ.”

“ಮತ್ತೊಮ್ಮೆ ಓದು.”

ಮತ್ತೊಮ್ಮೆ ಓದಿದೆ. ಇನ್ನೊಮ್ಮೆ ಅಂದಳು, ಇನ್ನೊಮ್ಮೆಯೂ ಓದಿದೆ. ಪೇಟೆಯಿಂದ ಬಂದ ದೊಡ್ಡಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದುದು ನಮಗೆ ಕಂಡಿರಲಿಲ್ಲ. ಪುಸ್ತಕ ಯಾರದೆಂದು ಕೇಳಿದರು, ಹೇಳಿದೆ. ಮಂದಿಗೆ ಗೊತ್ತಾದರೆ ಮರ್ಯಾದೆ ಏನಾದೀತು, ಇಂಥದ್ದನ್ನು ಓದಿದರೆ ಜಾತಿ ಕೆಡುತ್ತದೆ ಎಂದು ಕೂಗಾಡಿದರು. ಶಾಲೆ ತೆರೆದ ಕೂಡಲೇ ಆ ಮಾಸ್ತರನ ಮೇಲೆ ತಕರಾರು ಹೇಳಿ ಬೇರೆ ಊರಿಗೆ ವರ್ಗ ಮಾಡಿಸುತ್ತೇನೆಂದು ಹೆದರಿಸಿ, ಪುಸ್ತಕ ಕಿತ್ತುಕೊಂಡು ಅಟ್ಟದ ಮೇಲೆ ಎಸೆದರು. ನನಗೆ ಅಳು ಬಂತು. ಪುಸ್ತಕಕ್ಕಿಂತ ಮಾಸ್ತರದೇ ಚಿಂತೆ.

ಮರುದಿನ ಮಧ್ಯಾಹ್ನ ದೊಡ್ಡಪ್ಪ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದರು. ಅವರ ಕಣ್ಣೆದುರಿಗೇ ನೀಲತ್ತಿ ಏಣಿ ಹಚ್ಚಿ ಅಟ್ಟ ಹತ್ತಿದಳು. ಪುಸ್ತಕ ತಂದು, ಸೆರಗಿನಿಂದ ಧೂಳು ಒರೆಸಿ, ಮಗ್ಗದ ಕೋಣೆಯಲ್ಲಿ ಕೂತಿದ್ದ ನನ್ನ ತೊಡೆಯ ಮೇಲಿಟ್ಟು ಓದೆಂದಳು. ದೊಡ್ಡಪ್ಪ ಎಂಜಲುಗೈಯಲ್ಲೇ ಎದ್ದು ಬಂದರು. ಆ ಮನೆಯಲ್ಲಿ ಅವಳು ದನಿಯೆತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಓದಿದ್ರ ಕೆಡೂ ಜಾತಿ ಇಷ್ಟ ದಿನಾ ಹೆಂಗ ಉಳದಿತ್ತೋ ಅಣ್ಣಾ? ಕಂಡಿಕಿ ಸುತ್ತೂ ಕೈ ನಂದು, ಕೇಳೂ ಕಿವಿನೂ ನಂದು. ಹುಡುಗಿ ಓದ್ತಾಳ, ನಾ ಕೇಳ್ತೀನಿ. ನೀ ಮಾಸ್ತರ್ ಮ್ಯಾಲ ತಕರಾರು ಹೇಳಾಕ ಹೋದ್ರ ನಾನೂ ಸಾಲಿಗಿ ಬರ್ತೀನಿ. ಓದಿಸಿದಾಕಿ ನಾನ ಅಂತ ಹೇಳ್ತೀನಿ.”

ದೊಡ್ಡಪ್ಪ ಅಪ್ಪನ ಕಡೆ ನೋಡಿದರು. ಅಣ್ಣನಿಗೆ ಎಂದೂ ಎದುರಾಡದ ಅಪ್ಪ ನೂಲಿನ ಮೇಲಿನ ಕಣ್ಣು ತೆಗೆಯದೆ ನನ್ನನ್ನು ಕೇಳಿದರು: “ಕಸ್ತೂರಿ, ಎಲ್ಲಿಗಿ ಬಂದಿತ್ತದು?”

ನಾನು ಓದಿದೆ. ಬೆಟ್ಟದ ಗುಹೆಯಲ್ಲಿ ಒಂಟಿಯಾಗಿ ಧ್ಯಾನಿಸುತ್ತಿದ್ದ ಪೈಗಂಬರರಿಗೆ ಮೊದಲು ಬಂದ ಅಪ್ಪಣೆಯೇ ಓದು ಎಂಬುದು. ಆ ಸಾಲು ಬಂದಾಗ ನನಗೆ ತಡೆಯಲಾರದಷ್ಟು ನಗು ಬಂತು. ದೊಡ್ಡಪ್ಪನಿಗೂ ಕೇಳಲೆಂದು ಗಟ್ಟಿಯಾಗಿ ಓದಿದೆ. ನಡುಗುತ್ತ ಮನೆಗೆ ಬಂದ ಪೈಗಂಬರರಿಗೆ ಖದೀಜಾ ಹೊದಿಕೆ ಹೊದಿಸಿ, ನಿಮಗೆ ಕೆಡುಕಾಗದು ಎಂದು ಧೈರ್ಯ ತುಂಬಿದರು. ಎಲ್ಲರಿಗಿಂತ ಮೊದಲು ಅವರನ್ನು ನಂಬಿದವರೂ ಆಕೆಯೇ. ಇಷ್ಟು ದೊಡ್ಡ ಧರ್ಮವೊಂದು ಮೊದಲು ಒಬ್ಬ ಹೆಂಗಸಿನ ನಂಬಿಕೆಯಲ್ಲಿ ಬೇರೂರಿತು ಎಂಬುದು ನನ್ನ ತಲೆಯೊಳಗೆ ಬಹಳ ದಿನ ತಿರುಗುತ್ತಿತ್ತು.

ಓದು ಅನ್ನುವುದನ್ನು ಹೇಗೆ ಬರೆಯುತ್ತಾರೆ ಎಂದು ನೀಲತ್ತಿ ಕೇಳಿದಳು. ಬಳಪದಿಂದ ನೆಲದ ಮೇಲೆ ಬರೆದು ತೋರಿಸಿದೆ. ನೂಲಿನ ಬಣ್ಣ ಹತ್ತಿದ ಬೆರಳಿನಿಂದ ಅದನ್ನು ತಿದ್ದಿದಳು. ರಜೆ ಮುಗಿಯುವಷ್ಟರಲ್ಲಿ ತನ್ನ ಹೆಸರು ಬರೆಯುವಷ್ಟಾದಳು.

ಮಳೆಗಾಲಕ್ಕೆ ಮುಂಚೆ, ಮದುವೆಗಳ ಭರಾಟೆಯಲ್ಲಿ, ಈ ಸಲ ಸೀರೆ ಗಂಟು ತಾನು ಒಯ್ಯುತ್ತೇನೆಂದಳು. ಗಂಡ ಸತ್ತವಳ ಕೈಯಿಂದ ಮದುವೆ ಸೀರೆ ಯಾರು ಕೊಳ್ಳುತ್ತಾರೆಂದು ದೊಡ್ಡಪ್ಪ ಮುಖ ತಿರುಗಿಸಿದರು. ಅಪ್ಪ ಮಗ್ಗದಿಂದ ಎದ್ದು ಸೀರೆಗಳನ್ನು ಮಡಿಚಿ ಗಂಟು ಕಟ್ಟಿಕೊಟ್ಟರು. ನಾನೂ ಜೊತೆಗೆ ಹೊರಟೆ. ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಬೆಲ್ಲದ ವಾಸನೆಯೂ ಗಾಡಿಗಳ ಗದ್ದಲವೂ ಒಟ್ಟಿಗೇ ಮುಖಕ್ಕೆ ಬಡಿದವು. ನೀಲತ್ತಿ ಗಂಟನ್ನು ತಲೆಗೇರಿಸಿಕೊಂಡಳು. ಪೇಟೆಯವರೆಗೂ ನಡಿಗೆ ನಿಧಾನವಾಗಲಿಲ್ಲ.

ಮೊದಲ ಅಂಗಡಿಯವರು ಸೀರೆ ಬಿಚ್ಚಿ ನೋಡಿ, ಗಂಡಸರನ್ನು ಕಳಿಸಿ, ದರ ಅವರ ಹತ್ತಿರ ಮಾತಾಡುತ್ತೇನೆ ಎಂದರು.

“ಇದರ ಒಂದೊಂದ ಎಳಿ ನನ್ನ ಕೈಯಾಗಿಂದ ಹೋಗೇತ್ರಿ. ದರಾ ನನ್ನ ಕೂಡ ಮಾತಾಡ್ರಿ. ಇಲ್ಲಾಂದ್ರ ಮುಂದಿನ ಅಂಗಡಿ ಐತಿ.”

ಗಂಟು ಕಟ್ಟಿ ಮೆಟ್ಟಿಲಿಳಿದೇಬಿಟ್ಟಳು. ಅವರು ಹಿಂದಿನಿಂದ ಕರೆದರು. ಸೀರೆಗಳನ್ನೆಲ್ಲ ಮಾರಿ ಬರಿಗೈಯಲ್ಲಿ ಬಸ್ ಹತ್ತಿದಾಗ ನೀಲತ್ತಿ ಕಿಟಕಿಯ ಕಡೆ ಮುಖ ಮಾಡಿ ಊರು ಬರುವವರೆಗೂ ಮುಗುಳ್ನಗುತ್ತಿದ್ದಳು. ಮುಂದೆ ದೊಡ್ಡಪ್ಪ ಜಮಖಂಡಿಯ ಬಸ್ ಹಿಡಿದರೆ ನೀಲತ್ತಿ ಮಹಾಲಿಂಗಪುರದ್ದನ್ನು ಹಿಡಿಯುವುದು ರೂಢಿಯಾಯಿತು. ತಕರಾರಿನ ಮಾತು ಮತ್ತೆ ಬರಲಿಲ್ಲ. ಪುಸ್ತಕ ಮರಳಿಸಿದಾಗ ನದಾಫ ಮಾಸ್ತರು, ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲವೇ ಎಂದು ಮೆಲ್ಲಗೆ ಕೇಳಿದರು. ಅನ್ನುವವರು ಅಂದರು, ಆದರೂ ಮುಗಿಸಿದೆವು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ನೀಲತ್ತಿ ಕೊನೆಯವರೆಗೂ ವ್ಯಾಪಾರ ಮಾಡಿದಳು. ದೇವರ ಜಗಲಿಗೆ ಕೈಮುಗಿಯುವುದನ್ನೂ ಬಿಡಲಿಲ್ಲ, ಖದೀಜಾರ ಕತೆ ಹೇಳುವುದನ್ನೂ ಬಿಡಲಿಲ್ಲ. ಈಗ ಅವಳಿಲ್ಲ. ನಮ್ಮ ಓಣಿಯ ಪವರ್‌ಲೂಮುಗಳ ಅಬ್ಬರದಲ್ಲಿ ಪಕ್ಕದವರ ಮಾತೇ ಕೇಳುವುದಿಲ್ಲ. ಇನ್ನು ಗಟ್ಟಿಯಾಗಿ ಓದುವವರೆಲ್ಲಿ, ಕೇಳುವವರೆಲ್ಲಿ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಒಂದು ಮನೆಯೊಳಗಿನ ಜಗಳ ಅದೇ ಮನೆಯೊಳಗೆ ತೀರುತ್ತಿದ್ದ ಕಾಲ ಅದು. ಈಗ ನಾನು ಜಮಖಂಡಿಯಲ್ಲಿ ಶಿಕ್ಷಕಿ. ಕಳೆದ ವರ್ಷ ತರಗತಿಯಲ್ಲಿ ಪೈಗಂಬರರ ಬಾಲ್ಯದ ಕತೆ ಹೇಳಿದ್ದಕ್ಕೆ, ನಾನೆಂದೂ ನೋಡಿರದ ನಾಲ್ಕಾರು ಜನ ಶಾಲೆಯ ಗೇಟಿಗೆ ಬಂದು ತಕರಾರು ತೆಗೆದು ನಿಂತರು. ಅವರಲ್ಲಿ ಯಾರ ಮಕ್ಕಳೂ ನಮ್ಮ ಶಾಲೆಯಲ್ಲಿರಲಿಲ್ಲ. ಬೇರೆ ಕತೆ ಹೇಳಬಾರದೇ ಎಂದು ಹೆಡ್‌ಮಾಸ್ತರರು ಕೈಮುಗಿದು ಕೇಳಿಕೊಂಡರು.

ಬೇರೆ ಕತೆಗಳನ್ನೂ ಹೇಳುತ್ತೇನೆ ಎಂದೆ. ಮರುದಿನ ತರಗತಿಗೆ ಹೋಗಿ, ಪೈಗಂಬರರ ಕತೆ ಎಲ್ಲಿಗೆ ನಿಲ್ಲಿಸಿದ್ದೆನೋ ಅಲ್ಲಿಂದಲೇ ಮುಂದುವರಿಸಿದೆ.