ಸಿಡಿಲಿಗೆ ಸುತ್ತು ಹಾಕುವ ಭಾವ

ನಮ್ಮ ಭಾವನಿಗೆ ಸಿಡಿಲೆಂದರೆ ಹೆದರಿಕೆಯಿಲ್ಲ, ಅಕ್ಕನೆಂದರೆ ಇದೆ. ಹತ್ತೊಂಬತ್ತು ವರ್ಷದಿಂದ ಅವರದು ಒಂದೇ ಕೆಲಸ. ಪರೀಕ್ಷಾಲಯಕ್ಕೆ ಬಂದ ವಿಮಾನದ ರೆಕ್ಕೆಗೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ ಸುತ್ತುವುದು, ಆಮೇಲೆ ಯಂತ್ರದಿಂದ ಸಿಡಿಲಿನಂಥ ಕರೆಂಟು ಹೊಡೆಸುವುದು. ಕರೆಂಟು ಹರಿದಾಗ ಎಳೆಯೊಳಗೆ ಹಾಯಿಸಿದ ಬೆಳಕು ತುಸು ತಿರುಚಿಕೊಳ್ಳುತ್ತದೆ. ಎಷ್ಟು ತಿರುಚಿತೆಂದು ನೋಡಿ ಕರೆಂಟು ಎಷ್ಟೆಂದು ಹೇಳುತ್ತಾರೆ. "ಇಸ್ತ್ರಿ ಪೆಟ್ಟಿಗೆ ಕೆಟ್ಟು ಮೂರು ತಿಂಗಳಾಯ್ತು, ಇವರು ಸಿಡಿಲು ಅಳೀತಾರಂತೆ" ಎನ್ನುತ್ತಾಳೆ ಅಕ್ಕ.

ಈ ಎಳೆಗೊಂದು ಗುಣವಿದೆ. ತಾನು ಯಾವುದನ್ನು ಸುತ್ತಿ ಬಂದಿದೆಯೋ ಅದರ ಕರೆಂಟನ್ನಷ್ಟೇ ಹೇಳುತ್ತದೆ, ಸುತ್ತಿನ ಹೊರಗುಳಿದದ್ದರ ಬಗ್ಗೆ ಚಕಾರವೆತ್ತುವುದಿಲ್ಲ. ಭಾವನ ಮುಖ್ಯಸ್ಥರಿಗೂ ಇದೇ ಗುಣವಿತ್ತು.

ಒಮ್ಮೆ ಹೊಸ ಮಾದರಿಯ ವಿಮಾನದ ರೆಕ್ಕೆ ಬಂತು. ಅದರ ಬುಡದಲ್ಲಿ ಇಂಧನದ ಪೈಪೊಂದು ಪಕ್ಕದಲ್ಲಿ ಹಾದುಹೋಗಿತ್ತು. ಅದನ್ನೂ ಸೇರಿಸಿ ಸುತ್ತಬೇಕೆಂದರೆ ಅರ್ಧ ರೆಕ್ಕೆ ಬಿಚ್ಚಬೇಕು, ಎರಡು ವಾರ ಹಿಡಿಯುತ್ತದೆ. "ಪೈಪು ಬಿಟ್ಟು ಸುತ್ತಿ" ಎಂದರು ಮುಖ್ಯಸ್ಥರು. ಸುತ್ತಿದ್ದಾಯಿತು. ಯಂತ್ರ ಕಳಿಸಿದ್ದು ಎರಡು ಲಕ್ಷ ಆಂಪಿಯರ್, ಎಳೆ ತೋರಿಸಿದ್ದು ಒಂದೂವರೆ ಲಕ್ಷ.

"ನೋಡಿದ್ರಾ, ಕಮ್ಮಿ ಬಂತು, ರೆಕ್ಕೆ ಪಾಸು" ಎಂದು ಮುಖ್ಯಸ್ಥರು ಹಿಗ್ಗಿದರು.

"ಕಮ್ಮಿ ಆಗಿಲ್ಲ ಸರ್. ಉಳಿದಿದ್ದು ಪೈಪಲ್ಲಿ ಹೋಗಿರ್ಬೇಕು. ಅದರಲ್ಲಿ ಇಂಧನ ಇರುತ್ತೆ."

"ಪೈಪಿನ ವಿಷ್ಯ ನಿಮ್ಮನ್ನ ಯಾರಾದ್ರೂ ಕೇಳಿದ್ರೇನ್ರೀ? ಸಹಿ ಹಾಕಿ. ನಿಮ್ಮ ಬಡ್ತಿ ಫೈಲು ನನ್ನ ಮೇಜಿನ ಮೇಲೇ ಇದೆ."

ಹದಿನೈದು ವರ್ಷ ಕಾದ ಬಡ್ತಿ. "ಒಂದು ಸಹಿ ಹಾಕಿದ್ರೆ ನಿಮ್ಮ ಕೈ ಸವೆದು ಹೋಗುತ್ತಾ?" ಎಂದಳು ಅಕ್ಕ, ರಾತ್ರಿ ಊಟ ಬಡಿಸುತ್ತಾ. ನಾನೂ ದನಿಗೂಡಿಸಿದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಭಾವ ಎದ್ದು ತಟ್ಟೆ ತೊಳೆದಿಟ್ಟರು.

ಮರುದಿನ ಸಹಿ ಹಾಕಿದರು. ಅದರ ಮೇಲೊಂದು ಸಾಲನ್ನೂ ಬರೆದರು: "ಇಂಧನದ ಪೈಪು ಸುತ್ತಿನ ಹೊರಗಿದೆ, ಅದರಲ್ಲಿ ಹರಿದ ಕರೆಂಟನ್ನು ಅಳೆದಿಲ್ಲ." ಮುಖ್ಯಸ್ಥರು ಎಂದಿನಂತೆ ಓದದೆ ಕಳಿಸಿದರು. ವಿಮಾನ ಕಟ್ಟುವವರು ಓದಿದರು.

ರೆಕ್ಕೆ ಬಿಚ್ಚಿ ಮತ್ತೆ ಸುತ್ತಿದಾಗ ಕಾಣೆಯಾಗಿದ್ದ ಅರ್ಧ ಲಕ್ಷ ಪೈಪಿನಲ್ಲೇ ಸಿಕ್ಕಿತು. ಪೈಪಿನ ದಾರಿ ಬದಲಾಯಿಸಿದರು. ಪತ್ರಿಕೆಯಲ್ಲಿ ಮುಖ್ಯಸ್ಥರ ಕಟ್ಟೆಚ್ಚರದ ಬಗ್ಗೆ ಅರ್ಧ ಪುಟ ಬಂತು. ಭಾವನಿಗೆ ಬಂದದ್ದು ನೋಟಿಸು: ವರದಿಯ ನಮೂನೆಯಲ್ಲಿ ಜಾಗವಿಲ್ಲದ ಕಡೆ ಬರೆದದ್ದೇಕೆ? ಬಡ್ತಿ ಬೇರೆಯವರ ಪಾಲಾಯಿತು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆಯುವ ವೈದ್ಯರಿಗೆ ಎಲ್ಲಿಯೂ ಬರವಿಲ್ಲ. ಅಕ್ಕ ಆ ನೋಟಿಸನ್ನು ಎರಡು ಸಲ ಓದಿ, ಮುಖ್ಯಸ್ಥರ ವಂಶವನ್ನೆಲ್ಲ ಬೈಯುತ್ತಾ ಅತ್ತಳು.

ಮೂರು ವರ್ಷದ ಮೇಲೆ ಆ ಮಾದರಿಯ ವಿಮಾನಗಳು ಹಾರತೊಡಗಿದವು, ಮುಖ್ಯಸ್ಥರಿಗೆ ಪ್ರಶಸ್ತಿಯೂ ಬಂತು. ಅದನ್ನು ತರಲು ಅವರು ಅಂಥದ್ದೇ ವಿಮಾನ ಹತ್ತಬೇಕಿತ್ತು. ಹೊರಡುವ ದಿನ ಮೋಡ ಕವಿದಿತ್ತು. ಸೂಟು ತೊಟ್ಟು ಭಾವನ ಮೇಜಿನ ಹತ್ತಿರ ಬಂದವರು ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಆ ಪೈಪು... ಈಗ ಸರಿಯಾಗಿದೆ ಅಲ್ವೇನ್ರೀ?"

ಸರಿಯಾಗಿದೆ ಎಂಬ ಅಂತಿಮ ವರದಿಗೆ ಸಹಿ ಹಾಕಿದವರು ಮುಖ್ಯಸ್ಥರೇ.

"ಸರಿಯಾಗಿದೆ ಸರ್. ನಾನೇ ಸುತ್ತಿ ನೋಡಿದೀನಿ. ಧೈರ್ಯವಾಗಿ ಹೋಗ್ಬನ್ನಿ" ಎಂದರಂತೆ ಭಾವ.

ನಾನಾಗಿದ್ದರೆ "ನೋಡೋಣ ಸರ್" ಎಂದು, ಅಷ್ಟೇ ಹೇಳಿ ಕಳಿಸುತ್ತಿದ್ದೆ. ಈ ಮನುಷ್ಯನಿಗೆ ಅಷ್ಟು ಸುಳ್ಳೂ ಬರುವುದಿಲ್ಲ.